ಮೂಕಿ ಚಿತ್ರದ ಒದೆಯೂ ದುಡಿಯುವವರ ನಗೆಯೂ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತು ನಮ್ಮ ಸಭೆಗಳಲ್ಲಿ ಇದ್ದದ್ದೇ. ಇಂದು ನಗೆಯ ವಿಷಯ ಎತ್ತಿಕೊಂಡಿದ್ದೇವೆ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆಯೇ ಎಂದು ಕೆಲವರು ಕೇಳಬಹುದು. ಆದರೆ ನಾವು ಹೇಳಹೊರಟಿರುವ ನಗೆ ಹಸಿವನ್ನು ಕಂಡವರು ಹುಟ್ಟಿಸಿದ್ದು, ದುಡಿಯುವವರು ಕಾಸು ಕೊಟ್ಟು ನೋಡಿದ್ದು. ಆದ್ದರಿಂದ ಅದು ನಮ್ಮದೇ ವಿಷಯ.

ಈ ಶತಮಾನಕ್ಕೆ ಹಿಂದಿನ ಶತಮಾನ ಆಗತಾನೆ ಆರಂಭವಾಗಿದ್ದಾಗ ಅಮೆರಿಕದ ಕೈಗಾರಿಕಾ ಪಟ್ಟಣಗಳಲ್ಲಿ ಐದು ಸೆಂಟಿನ ಸಿನೆಮಾ ಕೊಟ್ಟಿಗೆಗಳು ಎದ್ದವು. ಇಟಲಿ, ಪೋಲೆಂಡ್, ರಷ್ಯಾಗಳಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರರು ಅಲ್ಲಿ ತುಂಬಿರುತ್ತಿದ್ದರು. ಅನೇಕರಿಗೆ ಇಂಗ್ಲಿಷು ಬಾರದು. ಚಿತ್ರವೂ ಮೂಕ. ಜಾರಿ ಬಿದ್ದವನನ್ನು ಕಂಡು ನಗಲು ವ್ಯಾಕರಣ ಬೇಕೆ? 1912ರಲ್ಲಿ ಮ್ಯಾಕ್ ಸೆನೆಟ್ ಎಂಬಾತ ಕೀಸ್ಟೋನ್ ಕಂಪನಿ ಕಟ್ಟಿ, ಹತ್ತಿಪ್ಪತ್ತು ನಿಮಿಷದ ನಗೆಚಿತ್ರಗಳನ್ನು ತೆಗೆಯತೊಡಗಿದ. ಒಬ್ಬರ ಮೇಲೊಬ್ಬರು ಉರುಳಿ ಬೀಳುವ ಅವನ ಪೊಲೀಸರು ಲೋಕಪ್ರಸಿದ್ಧರಾದರು.

ಆ ಕಂಪನಿಯ ಚಿತ್ರಗಳಲ್ಲಿ 1914ರಲ್ಲಿ ಚಾರ್ಲಿ ಚಾಪ್ಲಿನ್ ಕಾಣಿಸಿಕೊಂಡ. ಲಂಡನ್ನಿನ ಬಡ ಹುಡುಗ. ಏಳನೆಯ ವಯಸ್ಸಿನಲ್ಲಿ ತಾಯಿಯೊಡನೆ ಲ್ಯಾಂಬೆತ್‌ನ ಅನಾಥಾಲಯದಂತಹ ಬಡವರ ದುಡಿಮೆಮನೆ ಸೇರಿದವನು. ಬಿಗಿ ಕೋಟು, ದೊಗಳೆ ಷರಾಯಿ, ದೊಡ್ಡ ಬೂಟು, ಕೈಯಲ್ಲೊಂದು ಬೆತ್ತ. ಮೇಲೆ ದೊರೆಯ ಠೀವಿ, ಒಳಗೆ ಖಾಲಿ ಹೊಟ್ಟೆ!

1915ರ ಅವನ 'ವರ್ಕ್' ಚಿತ್ರವನ್ನು ನೋಡಿ. ವರ್ಕ್ ಎಂದರೆ ಕೆಲಸ. ಧಣಿ ಚಾಟಿ ಹಿಡಿದು ಗಾಡಿಯ ಮೇಲೆ ಕೂತಿದ್ದಾನೆ. ಗಾಡಿಗೆ ಎತ್ತಿಲ್ಲ, ಚಾಪ್ಲಿನ್ನನೇ ಎತ್ತು. ದಿಬ್ಬದಲ್ಲಿ ಗಾಡಿ ಹಿಂದಕ್ಕೆ ವಾಲುತ್ತದೆ, ಅವನು ಗಾಳಿಯಲ್ಲಿ ತೂಗಾಡುತ್ತಾನೆ. ಗೋಡೆಗೆ ಕಾಗದ ಅಂಟಿಸಲು ಇಬ್ಬರೂ ಒಂದು ಶ್ರೀಮಂತರ ಮನೆ ಹೊಕ್ಕಾಗ, ಮನೆಯೊಡತಿ ಇವರನ್ನು ಕಂಡು ಬೆಳ್ಳಿ ಸಾಮಾನನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಾಳೆ. ಆಗ ಕೆಲಸಗಾರರು ಏನು ಮಾಡುತ್ತಾರೆ? ತಮ್ಮ ಗಡಿಯಾರ, ಪುಡಿಕಾಸುಗಳನ್ನು ತೆಗೆದು ಚಾಪ್ಲಿನ್ನನ ಜೇಬಿಗೆ ಹಾಕಿ, ಜೇಬಿಗೆ ಪಿನ್ನು ಚುಚ್ಚಿ ಭದ್ರಪಡಿಸುತ್ತಾರೆ! ಕಳ್ಳರು ಯಾರು? ಪಾಳಿ ಮುಗಿದು ಹೊರಬರುವಾಗ ಬಾಗಿಲಲ್ಲಿ ಮೈ ತಡಕಿಸಿಕೊಂಡವರಿಗೆ ಈ ಪಿನ್ನಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1917ರ 'ಈಸಿ ಸ್ಟ್ರೀಟ್'ನಲ್ಲಿ ಹೊಟ್ಟೆಪಾಡಿಗಾಗಿ ಅವನೇ ಪೊಲೀಸನಾಗುತ್ತಾನೆ. ಹಸಿದ ಹೆಂಗಸೊಬ್ಬಳು ಆಹಾರ ಕದ್ದು ಸಿಕ್ಕಿಬಿದ್ದಾಗ ಕನಿಕರಪಟ್ಟು, ತರಕಾರಿಯವನ ಅಂಗಡಿಯಿಂದ ತಾನೇ ಇನ್ನಷ್ಟು ಎತ್ತಿ ಕೊಡುತ್ತಾನೆ. ಇಲ್ಲಿ ಅಂಗಡಿಕಾರ ಮಿತ್ರರು ಮುಖ ಸಿಂಡರಿಸಿದರೆ ತಪ್ಪಿಲ್ಲ. ಹಸಿವಿನ ಲೆಕ್ಕ ಕೊನೆಗೆ ಸಣ್ಣ ವ್ಯಾಪಾರಿಯ ತಲೆಗೇ ಬರುತ್ತದೆ ಎಂಬುದೂ ಸತ್ಯವೇ. ಕೂಲಿಕಾರನ ಕೈಯಲ್ಲಿ ಕಾಸಿಲ್ಲದಿದ್ದರೆ ನಿಮ್ಮ ತಕ್ಕಡಿಯೂ ಏಳದು.

ಅದೇ ವರ್ಷದ 'ದಿ ಇಮಿಗ್ರೆಂಟ್'ನಲ್ಲಿ ವಲಸಿಗರ ಹಡಗು ಸ್ವಾತಂತ್ರ್ಯದೇವಿಯ ಪ್ರತಿಮೆಯ ಮುಂದೆ ಬರುತ್ತದೆ. ಆ ಕ್ಷಣವೇ ಅಧಿಕಾರಿಗಳು ಬಡವರನ್ನು ದನಗಳಂತೆ ಹಗ್ಗದ ಹಿಂದೆ ಒತ್ತರಿಸುತ್ತಾರೆ. ಚಾಪ್ಲಿನ್ ಅಧಿಕಾರಿಯ ಹಿಂಭಾಗಕ್ಕೆ ಒಂದು ಒದೆ ಕೊಡುತ್ತಾನೆ. 1952ರಲ್ಲಿ ಅವನು ಲಂಡನ್ನಿಗೆ ಹೊರಟಾಗ ಅಮೆರಿಕ ಸರ್ಕಾರ ಅವನ ಮರುಪ್ರವೇಶದ ಪರವಾನಗಿಯನ್ನೇ ರದ್ದುಮಾಡಿತು.

ಈ ನಗೆ ಪುಕ್ಕಟೆ ಹುಟ್ಟಿದ್ದಲ್ಲ. 1919ರಲ್ಲಿ ಹೆರಾಲ್ಡ್ ಲಾಯ್ಡ್ ಫೋಟೋಕ್ಕೆಂದು ಹಿಡಿದ ಹುಸಿ ಬಾಂಬು ನಿಜವಾಗಿಯೇ ಸಿಡಿದು, ಅವನ ಬಲಗೈಯ ಹೆಬ್ಬೆರಳು, ತೋರುಬೆರಳುಗಳು ಹೋದವು. 1921ರಲ್ಲಿ ಚಲಿಸುವ ಮೆಟ್ಟಿಲಿಗೆ ಸಿಕ್ಕಿ ಬಸ್ಟರ್ ಕೀಟನ್ನನ ಕಾಲಿನ ಕೀಲು ಮುರಿಯಿತು. ಬೀಳುವುದೂ ದುಡಿಮೆಯೇ, ಯಂತ್ರ ಅಲ್ಲಿಯೂ ಮೈಯನ್ನೇ ಕೇಳುತ್ತದೆ. ಬೆರಳು ಕಳೆದುಕೊಂಡವರು ಗಿರಣಿಗಳಲ್ಲೂ ಉಂಟು. ಅವರ ಹೆಸರು ಯಾವ ಪರದೆಯ ಮೇಲೂ ಬರುವುದಿಲ್ಲ.

ಹಾಗೆಂದು ಈ ಚಿತ್ರಗಳನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಅವು ಲಾಭಕ್ಕಾಗಿ ತೆಗೆದವು. 1914ರಲ್ಲಿ ವಾರಕ್ಕೆ 150 ಡಾಲರು ಪಡೆಯುತ್ತಿದ್ದ ಚಾಪ್ಲಿನ್ 1916ರಲ್ಲಿ ವರ್ಷಕ್ಕೆ 6,70,000 ಡಾಲರಿನ ಕರಾರು ಮಾಡಿಕೊಂಡ. ಆ ಕಾಲದ ಎಷ್ಟೋ ನಗೆಚಿತ್ರಗಳು ಕರಿಯರನ್ನು ಹೀನವಾಗಿ ಗೇಲಿಮಾಡಿ ಕಾಸು ಗಿಟ್ಟಿಸಿದವು. ಆದ್ದರಿಂದ ನಗುವ ಮೊದಲು ಒಂದೇ ಪ್ರಶ್ನೆ ಕೇಳೋಣ: ಏಟು ಬಿದ್ದದ್ದು ಯಾರ ಮೇಲೆ? ಚಾಟಿ ಹಿಡಿದವನ ಮೇಲೋ, ಗಾಡಿ ಎಳೆಯುವವನ ಮೇಲೋ?

ವಾರ್ಷಿಕೋತ್ಸವದ ಪ್ರಹಸನಗಳಲ್ಲಿ ಕುಂಟನನ್ನೂ ಕಿವುಡನನ್ನೂ ಕಸ ಗುಡಿಸುವವನನ್ನೂ ಅಣಕಿಸುವ ಚಾಳಿ ನಮ್ಮಲ್ಲಿ ಉಂಟು. ಧಣಿಯ ಪಾತ್ರ ಬಂದಾಗ ಮಾತ್ರ ನಮ್ಮ ನಟರು ಕೈಕಟ್ಟಿ ನಿಲ್ಲುತ್ತಾರೆ. ಪರದೆಯ ಮೇಲಿನ ಒದೆಯಿಂದ ಒಂದು ಪೈಸೆ ಕೂಲಿಯೂ ಹೆಚ್ಚುವುದಿಲ್ಲ. ಅದಕ್ಕೆ ಸಂಘ ಬೇಕು, ಒಗ್ಗಟ್ಟು ಬೇಕು. ಆದರೆ ಯಾರನ್ನು ಕಂಡು ಒಮ್ಮೆ ಮನಸಾರೆ ನಕ್ಕೆವೋ ಅವನ ಮುಂದೆ ಮರುದಿನ ಮೊದಲಿನಷ್ಟು ನಡುಗುವುದಿಲ್ಲ. ಮುಂದಿನ ಪ್ರಹಸನದಲ್ಲಿ ಗಾಡಿಯ ಮೇಲೆ ಕೂತವನನ್ನು ಬೀಳಿಸೋಣ.