ದೀಪಕ್ಕೆ ಬರೆದ ಸೈನ್ಯ



ಮಡಕಶಿರಾದಲ್ಲಿ ನಾವು ಹುಡುಗರಾಗಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಸೇತುಬಂಧದ ನೆರಳಾಟ ಆಡಿಸಬೇಕೆಂದು ಹೊರಟೆವು. ತೆಳು ಕಾಗದದಲ್ಲಿ 40 ಕಪಿಗಳನ್ನು ಕತ್ತರಿಸಿ, ಒಂದೊಂದಕ್ಕೂ ಕಣ್ಣು, ಉಗುರು, ಬಾಲದ ಕೂದಲು ಸಮೇತ ಗಟ್ಟಿ ಪೋಸ್ಟರ್ ಬಣ್ಣ ಬಳಿಯತೊಡಗಿದೆವು. ಎರಡು ದಿನಕ್ಕೆ ಒಂಬತ್ತು ಕಪಿ ಮುಗಿದವು. ದೀಪದ ಮುಂದೆ ಹಿಡಿದರೆ ಒಂಬತ್ತೂ ಕರ್ರಗೆ!

ಡ್ರಾಯಿಂಗ್ ಮೇಷ್ಟ್ರು ಅಂದರು: "ನೋಡೋರು ಪರದೆ ಆಚೆ ಕೂತಿರ್ತಾರೆ ಕಣ್ರಪ್ಪಾ, ಅಲ್ಲಿಗೆ ಬರೀರಿ." ಉಳಿದ ಕಪಿಗಳನ್ನು ಸಾಲಾಗಿ ಹರಡಿಸಿ, ಮೊದಲು ಎಲ್ಲಕ್ಕೂ ತಿಳಿ ಹಳದಿ ಇಂಕು ಹಚ್ಚಿಸಿದರು. ಕೊನೆಯ ಕಪಿ ಮುಗಿಯುವಷ್ಟರಲ್ಲಿ ಮೊದಲನೆಯದು ಒಣಗಿರುತ್ತಿತ್ತು. ಆಮೇಲೆ ಎಲ್ಲಕ್ಕೂ ಕೆಂಪು, ಕಡೆಗೆ ಕಪ್ಪು ಗೆರೆ. ಒಂದೇ ಸಂಜೆಗೆ ದಂಡು ಸಿದ್ಧ.

ಆ ಮಾತಿನ ಆಳ ನನಗೆ ತಿಳಿದದ್ದು ತೊಗಲುಗೊಂಬೆಗಳನ್ನು ಹತ್ತಿರದಿಂದ ನೋಡಿದಾಗ. ನಮ್ಮ ಧರ್ಮವರಂ ಬಳಿಯ ನಿಮ್ಮಲಕುಂಟ ಈ ಕಲೆಗೆ ಹೆಸರಾದ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ. ನೆರೆಯ ಬಳ್ಳಾರಿಯ ಕಲಾವಿದ ಬೆಳಗಲ್ಲು ವೀರಣ್ಣನವರನ್ನೂ ಇಲ್ಲಿ ನೆನೆಯಬೇಕು. ಸ್ವಾತಂತ್ರ್ಯ ಹೋರಾಟದ ಕಥೆಯನ್ನೇ ತೊಗಲುಗೊಂಬೆಗೆ ತಂದವರು ಅವರು.

ಆಡಿನ ತೊಗಲನ್ನು ಕೂದಲು ಹೆರೆದು ಹದ ಮಾಡಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಬಣ್ಣವೂ ಬೆಳಕನ್ನು ಬಿಡಬೇಕು. ತೊಗಲಿನ ಎರಡೂ ಮೈಗೆ ಹಚ್ಚುವುದರಿಂದ ಅದು ತುಂಬಿ ಕಾಣುತ್ತದೆ. ಒಡವೆಯ ಮಣಿಗಳನ್ನು ಕುಂಚದಿಂದ ಬರೆಯುತ್ತ ಕೂರುವುದಿಲ್ಲ. ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ, ಮಿಂಚುವ ಕೆಲಸವನ್ನು ದೀಪವೇ ಮಾಡುತ್ತದೆ. ಕರ್ನಾಟಕದ ಗೊಂಬೆಗಳಲ್ಲಿ ಪಾತ್ರದ ಅಂತಸ್ತಿಗೆ ತಕ್ಕ ಅಳತೆ: ರಾಜ ದೊಡ್ಡವನು, ಸೇವಕ ಚಿಕ್ಕವನು. ಒಂದೇ ತೊಗಲಿನಲ್ಲಿ ಹಲವು ಪಾತ್ರಗಳನ್ನು ಬಿಡಿಸುವ ರೂಢಿಯೂ ಉಂಟು. ಗುಂಪನ್ನು ಗುಂಪಾಗಿಯೇ ಕಾಣುವ ಕಣ್ಣು ಅದು. ನನಗೆ ಇದರಷ್ಟು ಮೆಚ್ಚುಗೆಯಾದದ್ದು ಈ ಕಲೆಯಲ್ಲಿ ಇನ್ನೊಂದಿಲ್ಲ.

ಇಂಥ ಕಣ್ಣು ಬೇರೆಡೆಯೂ ಉಂಟು. ದೂರದ ದೇಶಗಳಲ್ಲಿ ಹೆಬ್ಬೆರಳಷ್ಟು ಎತ್ತರದ ಸೈನಿಕ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟ ಆಡುತ್ತಾರೆ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲೇ ಆಟಿಕೆ ಸೈನಿಕರ ಇಂಥ ಆಟಕ್ಕೆ ನಿಯಮಗಳ ಪುಸ್ತಕ ಬರೆದಿದ್ದರು. ನೂರಾರು ಬೊಂಬೆಗೆ ಬಣ್ಣ ಹಾಕಬೇಕಾದಾಗ ಈ ಆಟಗಾರರು ಮಾಡುವುದೂ ನಮ್ಮ ಮೇಷ್ಟ್ರು ಹೇಳಿದ್ದನ್ನೇ: ಒಂದು ಬಣ್ಣ ತೆಗೆದುಕೊಂಡು ಇಡೀ ಸಾಲಿಗೆ ಹಚ್ಚುವುದು. ಆಮೇಲೆ ಗಾಢ ಬಣ್ಣವನ್ನು ತೆಳುಮಾಡಿ ಮೇಲೆ ಹರಿಯಬಿಡುತ್ತಾರೆ. ಅದು ಬಟ್ಟೆಯ ಮಡಿಕೆಗೆ, ಕೆನ್ನೆಯ ಹಳ್ಳಕ್ಕೆ ಇಳಿದು ತಾನೇ ನೆರಳಾಗುತ್ತದೆ. ತಿಳಿ ಬಣ್ಣ ತುಸುವೇ ಉಳಿದ ಒಣ ಕುಂಚವನ್ನು ಏಣುಗಳ ಮೇಲೆ ಸವರಿದರೆ ಬೆಳಕು. ಆಟಗಾರ ನಿಂತು ನೋಡುವ ದೂರಕ್ಕೆ ಅಷ್ಟು ಸಾಕು. ಅಲ್ಲಿ ಬಣ್ಣವೇ ನೆರಳನ್ನು ಹುಟ್ಟಿಸಬೇಕು, ಇಲ್ಲಿ ಬಣ್ಣ ಬೆಳಕಿಗೆ ದಾರಿ ಬಿಡಬೇಕು.

ಈಗ ನಿಮ್ಮಲಕುಂಟದವರು ಅದೇ ತೊಗಲಿನಲ್ಲಿ ದೀಪದ ಬುರುಡೆಗೆ ಮುಸುಕು ಮಾಡುತ್ತಾರೆ. ಕೊಳ್ಳುವವರಿಗೆ ನನ್ನದೊಂದು ಕೋರಿಕೆ: ಅಂಗಡಿಯ ಹಗಲು ಬೆಳಕಿನಲ್ಲಿ ನೋಡಿ ಬೆಲೆ ಕಟ್ಟಬೇಡಿ. ಒಳಗೊಂದು ಬಲ್ಬು ಹಚ್ಚಲು ಹೇಳಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತುಕೊಳ್ಳಿ.