ಮಗ ನಪಾಸಾದ ದಿನ
(ಹೈದರಾಬಾದಿನ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೋಳಿ ಕೂಗುವ ಮುಂಚೆ ಎದ್ದು ಒಲೆ ಹೊತ್ತಿಸುವವರು, ರಾತ್ರಿ ಪಾಳಿ ಮುಗಿಸಿ ಬರುವವರು ನಾವು. ಮಕ್ಕಳಾದರೂ ಕಾಲೇಜು ಕಲಿಯಲಿ ಎಂದು ಹೊಟ್ಟೆ ಬಟ್ಟೆ ಕಟ್ಟಿ ಫೀಸು ಕೊಡುತ್ತೇವೆ. ಆದುದರಿಂದಲೇ ಮಗ ನಪಾಸಾದ ದಿನ ನಮ್ಮ ಬಾಯಿಂದ ಬೆಂಕಿ ಬರುತ್ತದೆ. ಆ ಒಂದು ದಿನ ಬಾಯಿ ಬಿಗಿಹಿಡಿಯಿರೆಂದು ಬೇಡಿಕೊಳ್ಳಲು ನಿಂತಿದ್ದೇನೆ.

2019ರ ಏಪ್ರಿಲಿನಲ್ಲಿ ತೆಲಂಗಾಣದ ಇಂಟರ್ಮೀಡಿಯೆಟ್ ಫಲಿತಾಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ಅದೇ ಫಲಿತಾಂಶದಲ್ಲಿ ಒಬ್ಬ ಹುಡುಗಿಗೆ ತೆಲುಗಿನಲ್ಲಿ ಬಂದಿದ್ದ 99 ಅಂಕ ಸೊನ್ನೆಯೆಂದು ದಾಖಲಾಗಿತ್ತು! ನಪಾಸಾದವರೆಲ್ಲರ ಉತ್ತರಪತ್ರಿಕೆಗಳನ್ನು ಸರಕಾರ ಪುಕ್ಕಟೆಯಾಗಿ ಮರುಪರಿಶೀಲಿಸಿತು. ಸಾವಿರಕ್ಕೂ ಮಿಕ್ಕಿ ಮಕ್ಕಳು ಪಾಸಾದರು. ಅಂಕಪಟ್ಟಿಯನ್ನು ತಿದ್ದಬಹುದು, ಹೋದ ಜೀವವನ್ನು ತರಲಾದೀತೇ?

ತಪ್ಪು ಮಗನದೇ ಇರಬಹುದು. ಇರಲಿ. ಮೊದಲ ದೋಸೆ ಹರಿದರೆ ನಾವು ಹಿಟ್ಟು ಚೆಲ್ಲುತ್ತೇವೆಯೇ? ಕಾವಲಿ ಒರೆಸಿ ಇನ್ನೊಂದು ಹುಯ್ಯುತ್ತೇವೆ.

ಅಂದು ಊಟಕ್ಕೆ ಕರೆಯಿರಿ. ನೆರೆಮನೆಯ ಹುಡುಗನ ಮಾತೆತ್ತಬೇಡಿ. ಮರುದಿನ ಜೊತೆಯಲ್ಲಿ ಕುಳಿತು ಅಂಕಪಟ್ಟಿ ನೋಡಿ. ಸಂಶಯವಿದ್ದರೆ ಗಡುವಿನೊಳಗೆ ಮರುಎಣಿಕೆಗೆ ಅರ್ಜಿ ಹಾಕಿಸಿ. ಸಪ್ಲಿಮೆಂಟರಿ ಪರೀಕ್ಷೆಗೂ ಫೀಸು ಕಟ್ಟಿಬಿಡಿ. ಯಾವ ಪಾಠ ತಲೆಗೆ ಹತ್ತಲಿಲ್ಲವೆಂದು ಮೇಷ್ಟ್ರನ್ನು ಕೇಳಿ ಬನ್ನಿ.

ಮಗು ಮಾತು ಬಿಟ್ಟು, ಅನ್ನ ಬಿಟ್ಟು ಕುಳಿತರೆ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನು ಮಾಡಿ. ಅದು ಸರಕಾರದ್ದು, ಹಗಲಿರುಳೂ ಸಿಗುತ್ತದೆ, ದುಡ್ಡು ಬೇಡ.

ನಾವು ದುಡಿಯುವುದು ಮಕ್ಕಳಿಗಾಗಿ, ಅಂಕಪಟ್ಟಿಗಾಗಿ ಅಲ್ಲ.