ಅಳೆಯುವ ಕೊಳಗ ಒಂದೇ ಇರಲಿ

(ಸೇಡಂ ತಾಲೂಕಿನ ಆಡಕಿಯಲ್ಲಿ ನೆರೆದಿದ್ದ ವಿದ್ಯಾರ್ಥಿಗಳು, ಕಾರ್ಮಿಕರು ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ವಿಷಯ ಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ನಮ್ಮ ಅಭ್ಯಾಸವರ್ಗದಲ್ಲಿ ಅವಳು ಹೀಗೆ ಕೇಳಿದಳು: "ಮಾಸ್ತರ್ರೇ, ಎಲ್ಲಾರ ಸಂಕಟಾ ತಿಳ್ಕೋರಿ ಅಂತ ಹೇಳ್ತೀರಿ. ಜಾತಿ ಜಗಳ, ಧರ್ಮದ ಜಗಳ, ಮೀಸಲಾತಿ ಜಗಳ, ಎಲ್ಲಾದರಾಗೂ ಎರಡೂ ಕಡಿಗೆ ಸಂಕಟ ಇರ್ತದ. ಇಬ್ಬರದೂ ತಿಳ್ಕೊಂಡ ಮ್ಯಾಲ ಯಾರ ಕಡಿ ನಿಲ್ಲಬೇಕ್ರಿ?"

ಇದು ಕಠಿಣವಾದ ಪ್ರಶ್ನೆ. ದೊಡ್ಡವರು ಇದರಿಂದ ಎರಡು ರೀತಿಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಕೆಲವರು "ಅವರದೂ ಸರಿ, ಇವರದೂ ಸರಿ" ಎಂದು ಹೇಳಿ ಟವೆಲ್ಲು ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಇನ್ನು ಕೆಲವರು ಮೊದಲು ತಮ್ಮ ಜಾತಿಯ ಕಡೆಗೆ ನಿಂತುಬಿಡುತ್ತಾರೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ಈ ಎರಡೂ ದಾರಿ ನಮಗೆ ಬೇಡ. ಸಮಾಜವಾದಿಗಳಾದ ನಮಗೆ ಬೇರೆ ದಾರಿಯೊಂದನ್ನು ಬಡ ಗೇಣಿದಾರರೇ ತೋರಿಸಿಕೊಟ್ಟಿದ್ದಾರೆ.

1951ನೇ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅವರನ್ನು ಸಂಘಟಿಸಿದವರು ಗಣಪತಿಯಪ್ಪನವರು. ಶಾಂತವೇರಿ ಗೋಪಾಲಗೌಡರು ಮೊದಲಾದ ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಇಷ್ಟು ನಮ್ಮ ಪತ್ರಿಕೆ ಓದುವವರೆಲ್ಲ ಬಲ್ಲರು. ಆದರೆ ಜಗಳ ಹುಟ್ಟಿದ್ದು ಯಾವುದರಿಂದ ಎಂಬುದನ್ನು ಮರೆಯಬಾರದು. ಅದು ಹುಟ್ಟಿದ್ದು ಒಂದು ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಭೂಮಾಲೀಕರು ನ್ಯಾಯವಾದ ಅಳತೆಗಿಂತ ದೊಡ್ಡ ಕೊಳಗವನ್ನು ಬಳಸುತ್ತಿದ್ದರು. ಅಳತೆ ಸರಿಯಿರಲಿ ಎಂದು ರೈತ ಕೇಳಿದ. ಅಷ್ಟು ಕೇಳಿದ್ದೇ ದೊಡ್ಡ ಅಪರಾಧವಾಗಿ ಕಂಡಿತು.

ವರ್ತಕ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವುದಕ್ಕೆ ಒಂದು ತೂಕದ ಕಲ್ಲು, ಮಾರುವುದಕ್ಕೆ ಇನ್ನೊಂದು ಕಲ್ಲು ಇಟ್ಟುಕೊಂಡವನನ್ನು ಪೇಟೆ ಏನೆಂದು ಕರೆಯುತ್ತದೆಂಬುದು ನಿಮಗೆ ಗೊತ್ತು. ತೊಗರಿಯ ಚೀಲ ಹೊತ್ತು ತೂಕದ ಮುಂದೆ ನಿಂತ ರೈತನಿಗೂ ಅದು ಗೊತ್ತು, ದಾಲ್ ಮಿಲ್ಲಿನ ಹಮಾಲನಿಗೂ ಗೊತ್ತು. ಕಾಳು ಕಡಿಯ ವಿಷಯದಲ್ಲಿ ನಾವು ಇಷ್ಟು ಎಚ್ಚರವಾಗಿರುತ್ತೇವೆ. ಮನುಷ್ಯರ ಕಷ್ಟಸುಖಗಳನ್ನು ಅಳೆಯುವಾಗ ಮಾತ್ರ ನಮ್ಮವರಿಗೊಂದು ಕೊಳಗ, ಪರರಿಗೊಂದು ಕೊಳಗ ಹಿಡಿಯುತ್ತೇವೆ. ಅವಳ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ಇನ್ನೊಬ್ಬನು ನಿಂತ ಜಾಗಕ್ಕೆ ಹೋಗಿ ನೋಡುವುದು ಸಹಾನುಭೂತಿ, ಹೋಗುವಾಗಲೂ ಬರುವಾಗಲೂ ಕೈಯಲ್ಲಿ ಒಂದೇ ಕೊಳಗ ಇಟ್ಟುಕೊಳ್ಳುವುದು ನ್ಯಾಯ. ಮೊದಲನೆಯದು ಇಲ್ಲದೆ ಎರಡನೆಯದು ಸಾಗುವುದಿಲ್ಲ. ಆದರೆ ಮೊದಲನೆಯದೊಂದೇ ಸಾಲುವುದೂ ಇಲ್ಲ.

ಇದೇನು ಹೊರಗಿನಿಂದ ತಂದ ಹೊಸ ಮಾತಲ್ಲ. ಕಾಗಿಣಾ ನದಿಯ ದಂಡೆಯ ಮಳಖೇಡ ನಮ್ಮ ತಾಲೂಕಿನದೇ. ರಾಷ್ಟ್ರಕೂಟರ ಕಾಲದಲ್ಲಿ ಅದು ಮಾನ್ಯಖೇಟವೆಂಬ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಹಳೆಯದು. ನೆರೆಯವನ ವಿಚಾರಕ್ಕೂ ಧರ್ಮಕ್ಕೂ ಎಡೆಕೊಡಬಲ್ಲ ಮನಸ್ಸನ್ನು ಆ ಗ್ರಂಥ ದೊಡ್ಡ ಸಿರಿಯೆಂದು ಎಣಿಸುತ್ತದೆ. ಇಂದು ಮಳಖೇಡದ ಹೆಸರು ಕೇಳಿದರೆ ಜನರಿಗೆ ಸಿಮೆಂಟಿನ ನೆನಪಾಗುತ್ತದೆ. ಆಗಲಿ, ಸಿಮೆಂಟು ಅನ್ನ ಕೊಡುತ್ತದೆ. ಆದರೆ ಆ ಇನ್ನೊಂದು ಸಿರಿಯೂ ಇದೇ ಮಣ್ಣಿನದೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಈಗ ಕೊಳಗವನ್ನು ಹಿಡಿದು ನೋಡೋಣ. ಮೊದಲು ನಮ್ಮನ್ನೇ ಅಳೆದುಕೊಳ್ಳೋಣ.

ಈ ಭಾಗದವರಾದ ನಾವು ಎಷ್ಟೋ ವರ್ಷ ಒಂದು ದೂರು ಹೇಳಿಕೊಂಡು ಬಂದೆವು. ನಿಜಾಮನ ಆಳಿಕೆಯಲ್ಲಿ ಹಿಂದೆ ಬಿದ್ದೆವು, 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ಹಿಂದೆಯೇ ಉಳಿದೆವು ಎಂದೆವು. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದಲ್ಲಿ ಅತ್ಯಂತ ಹಿಂದುಳಿದವೆಂದು ಅದು ಗುರುತಿಸಿದ 39 ತಾಲೂಕುಗಳಲ್ಲಿ 21 ನಮ್ಮ ವಿಭಾಗದವು. ಚಿಂಚೋಳಿಯ ವೈಜನಾಥ ಪಾಟೀಲರು ಮೊದಲಾದವರು ಹೋರಾಟ ನಡೆಸಿದರು. ಮಲ್ಲಿಕಾರ್ಜುನ ಖರ್ಗೆಯವರು ದಿಲ್ಲಿಯಲ್ಲಿ ಪಟ್ಟು ಹಿಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿಯನ್ನು ಅಂಗೀಕರಿಸಿತು. 371ಜೆ ಕಲಮು ಬಂದಿತು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆಂದು ನಿಯಮವಾಯಿತು.

ಆಗ ನಾವು ಹೇಳಿದ ಕಾರಣವೇನು? "ಬೆಂಗಳೂರಿನ ಹುಡುಗನಿಗೆ ಒಳ್ಳೆಯ ಶಾಲೆಯುಂಟು, ಟ್ಯೂಶನ್ ಉಂಟು, ಪುಸ್ತಕವುಂಟು. ನಮ್ಮ ಹುಡುಗ ಮಾಸ್ತರರೇ ಇಲ್ಲದ ಶಾಲೆಯಲ್ಲಿ ಕಲಿತವನು. ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿ ಎಂದರೆ ಅದು ಸಮಾನತೆಯಲ್ಲ" ಎಂದೆವು. ಸರಿಯಾದ ಮಾತು, ಈಗಲೂ ಸರಿ. ಆದರೆ ಇದೇ ಮಾತನ್ನು ದಲಿತ ಕೇರಿಯ ಹುಡುಗ ಹೇಳಿದಾಗ ನಮ್ಮವರಲ್ಲಿ ಎಷ್ಟು ಮಂದಿಯ ಮುಖ ಗಂಟಿಕ್ಕುತ್ತದೆ! "ಅಂಕ ನೋಡಬೇಕು, ಜಾತಿ ಯಾಕೆ ನೋಡಬೇಕು?" ಎನ್ನುತ್ತಾರೆ. ಹೀಗೆನ್ನುವವನು 371ಜೆ ಪ್ರಮಾಣಪತ್ರಕ್ಕಾಗಿ ತಹಶೀಲ ಕಚೇರಿಯ ಸಾಲಿನಲ್ಲಿ ತಾನೂ ನಿಂತು ಬಂದವನೇ. ಬೆಂಗಳೂರಿನಿಂದ ಪಡೆಯುವಾಗ ಒಂದು ಕೊಳಗ, ಕೇರಿಗೆ ಕೊಡುವಾಗ ಇನ್ನೊಂದು ಕೊಳಗ! ಕಾಗೋಡಿನ ಭೂಮಾಲೀಕನನ್ನು ಬೈಯುವ ಅಧಿಕಾರ ಇಂಥವನಿಗೆ ಉಂಟೆ?

ಎರಡನೆಯದು ಮಕ್ಕಳ ತಟ್ಟೆಯ ವಿಷಯ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ಕರ್ನಾಟಕದ ಬಿಸಿಯೂಟ ಮೊದಲು ಶುರುವಾದದ್ದು ಈಶಾನ್ಯದ ನಮ್ಮ ಜಿಲ್ಲೆಗಳಲ್ಲಿ. ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟರು. ದಾಸೋಹವೆಂದರೆ ಏನೆಂದು ಕಲಬುರಗಿಯ ಶರಣಬಸವೇಶ್ವರರ ನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 2021ರ ಡಿಸೆಂಬರಿನಲ್ಲಿ ಸರಕಾರವು ಕಲ್ಯಾಣ ಕರ್ನಾಟಕದ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿತು. ಮಕ್ಕಳ ಮೈಯಲ್ಲಿ ಸತ್ವವಿಲ್ಲವೆಂಬುದೇ ಕಾರಣ. ಆ ಸುಮಾರಿಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಕೆಲವು ಮಠಾಧೀಶರು ವಿರೋಧಿಸಿದರು. ಅವರ ಸಂಕಟವನ್ನೂ ಕೇಳೋಣ. ಶಾಕಾಹಾರಿ ಮನೆಯ ಮಗುವಿಗೆ ಪಕ್ಕದ ತಟ್ಟೆಯ ಮೊಟ್ಟೆಯಿಂದ ಮುಜುಗರವಾಗುತ್ತದೆ, ಮಕ್ಕಳಲ್ಲಿ ಭೇದ ಹುಟ್ಟುತ್ತದೆ, ಅದರ ಬದಲು ಎಲ್ಲರಿಗೂ ಕಾಳುಬೇಳೆ ಕೊಡಿ ಎಂಬುದು ಅವರ ಮಾತಾಗಿತ್ತು. ಆ ಮಗುವೂ ನಮ್ಮದೇ ಮಗು, ಅದರ ಮನಸ್ಸನ್ನು ನೋಯಿಸಬೇಕೆಂದು ನಾವು ಹೇಳುವುದಿಲ್ಲ. ಆಗ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾಬಾಲಕಿ ಜನರ ನಡುವೆ ನಿಂತು ಮಾತನಾಡಿದಳು. ಬಡವರ ಮಕ್ಕಳ ಸ್ಥಿತಿ ನಿಮಗೇನು ಗೊತ್ತೆಂದು ಕೇಳಿದಳು. ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆಂದು ಎಚ್ಚರಿಸಿದಳು. ಅದನ್ನು ನಾಡೆಲ್ಲ ಕೇಳಿತು.

ಇಲ್ಲಿ ಇಬ್ಬರಿಗೂ ಸಂಕಟವುಂಟು. ಕೊಳಗ ಹಿಡಿದರೆ ಏನು ಕಾಣುತ್ತದೆ? ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಉಂಟು. ಅದರ ತಟ್ಟೆಯಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಮೊಟ್ಟೆ ನಿಂತರೆ ಕೂಲಿಕಾರನ ಮಗುವಿನ ತಟ್ಟೆಯಿಂದ ಒಂದು ವಸ್ತು ಹೋಗುತ್ತದೆ. ನಾನು ತಿನ್ನುವುದಿಲ್ಲ ಎನ್ನುವುದು ನನ್ನ ಹಕ್ಕು, ನೀನೂ ತಿನ್ನಬೇಡ ಎನ್ನುವುದು ಹಕ್ಕಲ್ಲ. ಇದೇ ಕೊಳಗವನ್ನು ತಿರುಗಿಸಿಯೂ ಹಿಡಿಯಬೇಕು. ನಾಳೆ ಯಾವನಾದರೂ ಬಂದು "ಎಲ್ಲರೂ ಮೊಟ್ಟೆಯನ್ನೇ ತಿನ್ನಬೇಕು, ತಿನ್ನದವರಿಗೆ ಏನೂ ಇಲ್ಲ" ಎಂದರೆ ನಾವು ಆ ಶಾಕಾಹಾರಿ ಮಗುವಿನ ಕಡೆಗೆ ನಿಲ್ಲಬೇಕಾಗುತ್ತದೆ, ನಿಲ್ಲುತ್ತೇವೆ. ಮುಂದೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣದ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಏರ್ಪಾಡಾಯಿತು. ಇದರಿಂದ ಯಾರ ಧರ್ಮವೂ ಮುಳುಗಲಿಲ್ಲ.

ಮೂರನೆಯದು ಹೆಚ್ಚು ನೋವಿನ ವಿಷಯ. ಆದರೂ ನಮ್ಮ ಭಾಗದಲ್ಲಿ ನಿಂತು ಭೇದಭಾವದ ಬಗ್ಗೆ ಮಾತನಾಡಿ 1948ರ ಹೆಸರೆತ್ತದೆ ಹೋಗುವುದು ಹೇಡಿತನವಾಗುತ್ತದೆ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಕೊಲೆ ಸುಲಿಗೆ ನಡೆಸಿದರು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯೆಯನ್ನು ನಮ್ಮ ಜನ ಮರೆತಿಲ್ಲ, ಮರೆಯಲೂ ಬಾರದು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದಿತು, ನಿಜಾಮನ ಆಳಿಕೆ ಮುಗಿಯಿತು. ಪ್ರತಿವರ್ಷ ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ.

ಧ್ವಜದ ಕೆಳಗೆ ಹೇಳದೆ ಬಿಡುವ ಮಾತೊಂದುಂಟು. ಸೈನ್ಯ ಬಂದ ಮೇಲೆ ಸೇಡು ತೀರಿಸುವ ಹೆಸರಿನಲ್ಲಿ ರಜಾಕಾರರಲ್ಲದ ಬಡ ಮುಸಲ್ಮಾನರನ್ನು ಕೊಂದರು. ವಿಚಾರಣೆಗೆಂದು ನೆಹರೂ ಸರಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತು. ಬಹಳ ಕಾಲ ಬೆಳಕು ಕಾಣದೆ ಉಳಿದ ಅದರ ವರದಿ, ಸಂಸ್ಥಾನದಲ್ಲೆಲ್ಲ ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರವೆಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದವು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳೆಂದು ಬರೆಯಿತು. ಗುಲಬರ್ಗಾ ಎಂದರೆ ನಮ್ಮ ಜಿಲ್ಲೆಯೇ.

ಗೋರ್ಟಾದ ಹೆಣಗಳನ್ನು ಎಣಿಸಿ ಇವುಗಳನ್ನು ಎಣಿಸದವನ ಕೊಳಗ ಸುಳ್ಳು. ಇವುಗಳನ್ನು ಎಣಿಸಿ ಗೋರ್ಟಾವನ್ನು ಬಿಡುವವನ ಕೊಳಗವೂ ಸುಳ್ಳು. ಗಿರಣಿ ಕಾರ್ಮಿಕ ಮಿತ್ರರು ಅದೇ ವರದಿಯ ಇನ್ನೊಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಮ್ಮ ಜೀವವನ್ನೂ ಲೆಕ್ಕಿಸದೆ ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳಿದ್ದರು. ಈ ಬಂಧುಭಾವ ಕೆಲವು ಕಸುಬಿನವರಲ್ಲಿ ಹೆಚ್ಚಾಗಿ ಕಂಡಿತೆಂದು ವರದಿ ಹೇಳಿ, ನೇಕಾರರ ಹೆಸರನ್ನು ಎತ್ತಿ ಹೇಳುತ್ತದೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರಿಗೆ ಅಡ್ಡ ನಿಂತರು, ಅದಕ್ಕಾಗಿ ಕೆಲವರು ಪ್ರಾಣವನ್ನೂ ತೆತ್ತರು. ಪಕ್ಕದ ಮಗ್ಗದಲ್ಲಿ ಕೂತವನ ಬೆನ್ನುನೋವು ಎಂಥದೆಂದು ಅವರಿಗೆ ಗೊತ್ತಿತ್ತು. ಯಾವ ಗ್ರಂಥ ಓದಿ ಅವರು ಸಹಾನುಭೂತಿ ಕಲಿತದ್ದಲ್ಲ, ಕೂಡಿ ದುಡಿದು ಕಲಿತದ್ದು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೂರು ಕೆಲಸ ಹೇಳುತ್ತೇವೆ.

ಒಂದು: ಮೊಬೈಲಿನಲ್ಲಿ ಸಿಟ್ಟು ಬರಿಸುವ ಸುದ್ದಿ ಬಂದರೆ ಅದನ್ನು ಮುಂದಕ್ಕೆ ದಾಟಿಸುವ ಮುನ್ನ ಹೆಸರು ಬದಲಿಸಿ ಓದಿರಿ. ಆ ಜಾತಿಯ ಜಾಗದಲ್ಲಿ ನಿಮ್ಮ ಜಾತಿಯನ್ನಿಡಿ. ಆಗಲೂ ಸಿಟ್ಟು ಅಷ್ಟೇ ಇದ್ದರೆ ಅದು ಅನ್ಯಾಯದ ಮೇಲಿನ ಸಿಟ್ಟು. ಸಿಟ್ಟು ಇಳಿದರೆ ಅದು ಜಾತಿಯ ಸಿಟ್ಟು. 2022ರ ಮಾರ್ಚಿಯಲ್ಲಿ ಕರಾವಳಿಯ ಕಾಪುವಿನ ಮಾರಿಗುಡಿ ಜಾತ್ರೆಯೇ ಮೊದಲಾಗಿ ಕೆಲವು ಕಡೆ ಮುಸಲ್ಮಾನ ವರ್ತಕರಿಗೆ ಅಂಗಡಿ ಹಾಕಲು ಎಡೆ ಕೊಡಲಿಲ್ಲ. ವರ್ತಕ ಮಿತ್ರರೆ, ಆ ವರ್ತಕನ ಜಾಗದಲ್ಲಿ ನಿಮ್ಮ ಹೆಸರನ್ನಿಟ್ಟು ನೋಡಿರಿ. ಸಾಲ ತಂದು ಬಳೆ, ಬತ್ತಾಸು ಕೊಂಡು ಗಾಡಿ ತುಂಬಿಕೊಂಡು ಜಾತ್ರೆಗೆ ಹೋಗಿ ಹಾಗೆಯೇ ಮರಳಿ ಬರುವವನ ಲೆಕ್ಕವನ್ನು ನಿಮಗಿಂತ ಚೆನ್ನಾಗಿ ಯಾರು ಮಾಡಬಲ್ಲರು?

ಎರಡು: ಜಗಳದಲ್ಲಿ ಯಾರಿಗೆ ನಷ್ಟವೋ ಅವರ ಮನೆಗೆ ಹೋಗಿ ಕೇಳಿರಿ. ವಿದ್ಯಾರ್ಥಿಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇವೆ. ಒಂದೇ ಬೆಂಚಿನಲ್ಲಿ ಕೂತವನ ಓಣಿಯನ್ನು ನೀವು ಎಂದಾದರೂ ನೋಡಿದ್ದೀರಾ? ಅವನ ಮನೆಯಲ್ಲಿ ನೀರು ಕುಡಿದಿದ್ದೀರಾ? ಕುಡಿಯದಿದ್ದರೆ ಮೀಸಲಾತಿಯ ಬಗ್ಗೆ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದರೂ ನಿಮ್ಮ ಪಾಠ ಅರ್ಧಕ್ಕೇ ನಿಂತಂತೆ.

ಮೂರು: ಅಳೆದಾದ ಮೇಲೆ ಸುಮ್ಮನೆ ಕೂಡಬೇಡಿರಿ. ಯಾರ ಪಾಲು ಕಡಿಮೆ ಬಿದ್ದಿದೆಯೋ ಅವನ ಕಡೆಗೆ ನಿಲ್ಲಿರಿ, ಅವನು ನಿಮ್ಮವನಲ್ಲದಿದ್ದರೂ ನಿಲ್ಲಿರಿ. ನಿಮ್ಮವರು ಬೈಯುತ್ತಾರೆ. ಬೈಸಿಕೊಳ್ಳಬೇಕು. ಕಾಗೋಡಿನ ರೈತರಿಗಾಗಿ ಜೈಲಿಗೆ ಹೋದ ಎಷ್ಟೋ ಮಂದಿಗೆ ಅಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ, ಆ ಕೊಳಗದಿಂದ ಅವರಿಗೆ ಒಂದು ಕಾಳಿನ ನಷ್ಟವೂ ಇರಲಿಲ್ಲ.

ನಮ್ಮೂರ ಶಾಲೆಯಲ್ಲಿ ನಾಳೆಯೂ ಮಕ್ಕಳು ಊಟಕ್ಕೆ ಕೂಡುತ್ತಾರೆ. ಶಾಲಾ ಸಮಿತಿಯಲ್ಲಿರುವ ತಾಯಂದಿರು, ತಂದೆಗಳು ಈ ವಾರ ಒಂದು ದಿನ ಅಲ್ಲಿಗೆ ಹೋಗಿರಿ. ಯಾವ ಮಗು ಎಲ್ಲಿ ಕೂತಿದೆ, ಯಾರ ತಟ್ಟೆಗೆ ಏನು ಬಿದ್ದಿದೆ, ಬಡಿಸುವ ಕೈ ಎಲ್ಲರಿಗೂ ಒಂದೇ ಸಮವಾಗಿ ಬಾಗುತ್ತದೆಯೇ ಎಂದು ಕಣ್ಣಾರೆ ನೋಡಿರಿ. ಕಂಡದ್ದನ್ನು ಬರುವ ಅಭ್ಯಾಸವರ್ಗದಲ್ಲಿ ಹೇಳಿರಿ. ಅಲ್ಲಿಂದಲೇ ಮುಂದಿನ ಕೆಲಸ ಹಿಡಿಯೋಣ.